ಗಾಜಿನಡಿಯ ಹತ್ತಿ ಎಳೆ

ಫೋನಿನ ಪರದೆ ಕಾಯುವ ಒಡೆದ ಗಾಜಿನ ಮೂಲೆಗೆ ಉಗುರು ಕೊಟ್ಟು, ಅದರಡಿಗೆ ಹಳೆಯ ಸಿಮ್ ಕಾರ್ಡೊಂದನ್ನು ತೂರಿಸಿ ಮೆಲ್ಲಗೆ ಎತ್ತುತ್ತಿದ್ದೆ. ಅವಸರ ಮಾಡಿದರೆ ಗಾಜು ಪುಡಿಯಾಗುತ್ತದೆ. ಧೂಳು ಹಾರಬಾರದೆಂದು ಫ್ಯಾನು ನಿಲ್ಲಿಸಿದ್ದೆ. ಮೊಬೈಲ್ ಅಂಗಡಿಯಲ್ಲಿ ಮೂವರಿದ್ದೆವು.

ಗಲ್ಲಾದ ಹಿಂದೆ ಸಾವ್ಕಾರ ಹಂಪಣ್ಣ ಕೂತಿದ್ದರು. ಅವರ ಎದುರಿನ ಸ್ಟೂಲಿನ ಮೇಲೆ ನನ್ನ ಅಣ್ಣ ದೇವಿಂದ್ರ. ಹೊರಗೆ ಮೆಟ್ಟಿಲ ಮೇಲೆ ದೇವಾಪುರದ ಮರಿಲಿಂಗಮ್ಮ, ಎಂಟರ ಬಸ್ಸಿಗೆ ಬಂದವಳು, ಹತ್ತೂವರೆಯಾದರೂ ಅಲ್ಲೇ ಇದ್ದಳು.

ಮೊನ್ನೆಯಿಂದ ರಂಗಂಪೇಟೆಯ ಬಾಯಿಗೆಲ್ಲ ಬಿದ್ದ ಸುದ್ದಿ ಇಷ್ಟೇ: ಇಪ್ಪತ್ಮೂರು ಜನರ ಹೆಸರಿನಲ್ಲಿ ಅವರು ಕಣ್ಣಿಂದಲೂ ಕಾಣದ ಫೋನುಗಳು ಕರಾರಿನ ಮೇಲೆ ಹೊರಬಿದ್ದಿವೆ, ಇಪ್ಪತ್ಮೂರೂ ಸಿಮ್ಮು ಮಾರಲು ಕಂಪನಿ ಅಣ್ಣನಿಗೆ ಕೊಟ್ಟ ಐಡಿಯಿಂದಲೇ ಆಗಿವೆ.

ಕರಾರು ಕಷ್ಟದ್ದೇನಲ್ಲ. ಹದಿನೆಂಟು ಸಾವಿರದ ಫೋನನ್ನು ಕಂಪನಿ ಆರು ಸಾವಿರಕ್ಕೆ ಕೊಡುತ್ತದೆ, ಉಳಿದದ್ದನ್ನು ತಾನೇ ಹೊರುತ್ತದೆ. ಅದಕ್ಕೆ ಬದಲಾಗಿ ಎರಡು ವರ್ಷ ಅದರ ಸಿಮ್ಮನ್ನೇ ಇಟ್ಟುಕೊಂಡು, ತಿಂಗಳಿಗೊಂದು ದೊಡ್ಡ ರೀಚಾರ್ಜು ಹಾಕಿಸುತ್ತೇನೆಂದು ಗಿರಾಕಿ ಹೆಬ್ಬಟ್ಟು ಒತ್ತಬೇಕು. ಇಪ್ಪತ್ನಾಲ್ಕು ರೀಚಾರ್ಜು ಮುಗಿಯುವಷ್ಟರಲ್ಲಿ ಕಂಪನಿ ಹೊತ್ತದ್ದೆಲ್ಲ ಅದಕ್ಕೆ ವಾಪಸು ಬಂದಿರುತ್ತದೆ. ನಡುವೆ ನಿಲ್ಲಿಸಿದರೆ ಫೋನು ತಾನಾಗಿಯೇ ಲಾಕ್ ಆಗುತ್ತದೆ. ಆ ಹೆಸರಿನ ಬೇರೆ ನಂಬರುಗಳೂ ಬಂದ್.

ಯಾರೋ ಒಬ್ಬರು ಬೇರೆಯವರ ಹೆಬ್ಬಟ್ಟಿನ ಮೇಲೆ ಆರು ಸಾವಿರಕ್ಕೆ ಫೋನು ಎತ್ತಿ, ಸಂತೆಯಲ್ಲಿ ಹನ್ನೆರಡಕ್ಕೆ ಮಾರುತ್ತಿದ್ದರು. ಎರಡನೇ ತಿಂಗಳಿಗೆ ಫೋನು ಲಾಕ್ ಆಗುವಷ್ಟರಲ್ಲಿ ಮಾರಿದವರು ಕಾಣುತ್ತಿರಲಿಲ್ಲ.

ನನ್ನ ಕೈಯಲ್ಲಿದ್ದದ್ದು ಅಂಥದ್ದೇ ಒಂದು. ಖಂಡಪ್ಪ ಎಂಬ ಮೆಣಸಿನಕಾಯಿ ವ್ಯಾಪಾರಿ ಕೆಂಭಾವಿ ಸಂತೆಯಲ್ಲಿ ಕೊಂಡು, ಲಾಕ್ ಬಿಚ್ಚಿಕೊಡಿ ಎಂದು ಮೊನ್ನೆ ನಮ್ಮ ಅಂಗಡಿಗೇ ತಂದು ಕೊಟ್ಟಿದ್ದ. ನಂಬರು ಹಾಕಿ ನೋಡಿದರೆ ಮರಿಲಿಂಗಮ್ಮನ ಹೆಸರು. ಕಂಪನಿಯ ಸಾಹೇಬರು ಒಯ್ಯುತ್ತಾರೆ, ಒಡೆದ ಗಾಜು ತೆಗೆದು ಒರೆಸಿಡು ಎಂದು ಸಾವ್ಕಾರರು ಹೇಳಿದ್ದರು.

ಗಾಜು ಎದ್ದಿತು. ಬೆಳಕಿಗೆ ಹಿಡಿದೆ.

ಗಾಜಿನ ಒಳಮೈಯಲ್ಲಿ ಎರಡು ಬಿಳಿ ಎಳೆ ಸಿಕ್ಕಿಕೊಂಡಿದ್ದವು. ಬಟ್ಟೆಯ ನೂಲಲ್ಲ, ಹಸಿ ಹತ್ತಿಯ ಎಳೆ. ಅದಕ್ಕಂಟಿ ಸಾಸಿವೆಗಿಂತ ಸಣ್ಣದೊಂದು ಕಂದು ಚೂರು. ಹತ್ತಿ ಗಿಡದ ಒಣಗಿದ ಎಲೆ ಹಿಸುಕಿದರೆ ಹಾಗೇ ಪುಡಿಯಾಗುತ್ತದೆ.

ಇನ್ನೊಂದು ಗುರುತಿತ್ತು. ಫೋನಿನ ಎಡ ಅಂಚಿಗೆ, ಮೇಲೊಂದು ಕೆಳಗೊಂದು, ಟೇಪಿನ ಅಂಟು.

ಅದನ್ನು ನೋಡಿ ನನ್ನ ಕೈ ನಿಂತಿತು. ಹೊಸ ಗಾಜು ಹಾಕುವಾಗ ಎಲ್ಲರೂ ಅದನ್ನು ಮೇಲಿಂದ ಅಂದಾಜಿನ ಮೇಲೆ ಬಿಡುತ್ತಾರೆ. ನಾನು ಮಾತ್ರ ಮೊದಲು ಎಡಕ್ಕೆ ಎರಡು ತುಂಡು ಟೇಪು ಹಚ್ಚಿ, ಬಾಗಿಲು ಮುಚ್ಚಿದ ಹಾಗೆ ಇಳಿಸುತ್ತೇನೆ. ಆಮೇಲೆ ಟೇಪು ಕಿತ್ತು, ಅಂಟನ್ನು ಒರೆಸುತ್ತೇನೆ. ಇಲ್ಲಿ ಒರೆಸಿರಲಿಲ್ಲ.

ತಲೆ ಎತ್ತಿದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಕಣ್ಣು ಕೂಡಿದ ಕೂಡಲೇ ನೆಲ ನೋಡಿದ.

"ಯಾಕ ಸಾವಿತ್ರಿ, ಕೈ ಕುಯ್ಕೊಂಡ್ಯೇನು?" ಸಾವ್ಕಾರರು ಕೇಳಿದರು.

"ಇಲ್ರಿ."

"ಮತ್ತ ಜಲ್ದಿ ಒರಸಿಡು. ನಾಕಕ್ಕ ಕಂಪನಿ ಸಾಹೇಬ್ರು ಬಸವಕುಮಾರ ಬರ್ತಾರ." ಆಮೇಲೆ ಅಣ್ಣನ ಕಡೆ ತಿರುಗಿದರು. "ದೇವಿಂದ್ರ, ನಾಕರ ತನಾ ಟೈಮ್ ಅದ ನಿನಗ. ಯಾರಿಗೆ ಕೊಟ್ಟಿ, ಎಲ್ಲಿ ಮಾರಿದಿ, ಹೇಳಿಬಿಟ್ರ ಇಲ್ಲೇ ಮುಗಿಸ್ತೀನಿ. ಇಲ್ಲಂದ್ರ ಠಾಣೆ. ಆಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ."

ಅಣ್ಣ ನೆಲ ನೋಡುತ್ತಲೇ ಇದ್ದ. ಎರಡು ದಿನದಿಂದ ಅವನು ಹೀಗೇ. ಮಾಡಿದ್ದೇನೆ ಎನ್ನುವುದಿಲ್ಲ, ಮಾಡಿಲ್ಲ ಎನ್ನುವುದಿಲ್ಲ.

ಹೊರಗಿಂದ ಮರಿಲಿಂಗಮ್ಮನ ದನಿ ಬಂತು. "ಏ ಸಾವಿತ್ರವ್ವ, ನನ್ನ ಡಬ್ಬಾ ಫೋನು ಯಾವಾಗ ಮಾತಾಡ್ತದವ್ವ? ಮಗಳನ್ನ ಕಲಬುರ್ಗಿ ದವಾಖಾನಿಗೆ ಹಾಕ್ಯಾರ. ಹಡದಾಳೋ ಇಲ್ಲೋ ಗೊತ್ತಿಲ್ಲ ನನಗ."

ನಾನು ಮೆಟ್ಟಿಲಿಗೆ ಬಂದು ಅವಳ ಪಕ್ಕ ಕೂತೆ. ನಾಲ್ಕು ಜನರ ನಡುವೆ ಮಾತಾಡುವುದು ನನಗಾಗದು. ಒಬ್ಬರ ಜೊತೆಯಾದರೆ ಆಗುತ್ತದೆ.

"ಮರಿಲಿಂಗವ್ವ, ನಿನ್ನ ಹೆಬ್ಬಟ್ಟು ಯಾರು ತಗೊಂಡ್ರು?"

"ಹುಡುಗಿ ಬಂದಿದ್ಲಲ್ಲ. ಸ್ಕೂಟಿ ಮ್ಯಾಲ. ಮಾರಿ ತುಂಬ ಓಢಣಿ, ಕಣ್ಣಿಗಿ ಕರಿ ಚಸ್ಮಾ. ನಾವು ಹೊಲದಾಗ ಹತ್ತಿ ಬಿಡಸಾಕತ್ತಿದ್ವಿ."

"ಹುಡುಗಿ?" ಒಳಗಿಂದ ಸಾವ್ಕಾರರು ಕೇಳಿದರು. "ಎರಡು ದಿನ ಆತು, ಇದನ್ನ ಹೇಳಲೇ ಇಲ್ಲಲ್ಲ ನೀನು?"

"ಯಾರು ಕೇಳಿದ್ರಿ ಸಾವ್ಕಾರ್ರ? ದೇವಿಂದ್ರನ ಅಂಗಡಿ ಮಂದಿ ಹೌದಿಲ್ಲೋ ಅಂತ ಕೇಳಿದ್ರಿ. ಹೌದು ಅಂದೆ. ಆಕಿ ಅಂಗಿ ಮ್ಯಾಲ ನಿಮ್ಮ ಅಂಗಡಿ ಬಿಲ್ಲೆ ಇತ್ತು."

"ಏನಂದ್ಲು ಬಂದು?" ನಾನು ಕೇಳಿದೆ.

"ಸಿಮ್ಮು ಫೈವ್‌ಜಿ ಮಾಡಿ ಕೊಡ್ತೀವಿ, ರೊಕ್ಕಾ ಬ್ಯಾಡ ಅಂದ್ಲು. ಒತ್ತಿದೆ. ಬರವಲ್ದು ಅಂದ್ಲು. ಸೀರಿಗೆ ತಿಕ್ಕಿ ಮತ್ತ ಒತ್ತಿದೆ. ಮತ್ತ ಬರವಲ್ದು. ಸುಣ್ಣ ಹಚ್ಚಿ ತಿಕ್ಕು ಅಂದ್ಲು, ತಿಕ್ಕಿದೆ. ಮೂರನೇ ಸಲ ಬಂತು ನೋಡು."

ಅವಳು ಹೆಬ್ಬೆರಳು ನನ್ನ ಮುಂದೆ ಹಿಡಿದಳು. ಒಣಗಿದ ಹತ್ತಿ ಕಾಯಿಯ ಮೊನೆ ಚುಚ್ಚಿ ಚುಚ್ಚಿ ಅದರ ಗೆರೆಗಳೆಲ್ಲ ತರಚಿದ್ದವು. ನ್ಯಾಯಬೆಲೆ ಅಂಗಡಿಯಲ್ಲಿ ಪ್ರತಿ ತಿಂಗಳು ಇವರೆಲ್ಲರ ಗತಿ ಇದೇ. ಒತ್ತು, ಬರಲಿಲ್ಲ, ಒರೆಸು, ಮತ್ತೆ ಒತ್ತು. ಹಾಗಾಗಿ ಇನ್ನೊಮ್ಮೆ ಒತ್ತು ಎಂದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಯಾಕೆ ಎನ್ನುವುದಿಲ್ಲ. ಮೂರು ಸಲವೂ ಬಂದಿತ್ತು. ಮೊದಲನೆಯದಕ್ಕೆ ಸಿಮ್ಮು, ಎರಡನೆಯದಕ್ಕೆ ಗುರುತು, ಮೂರನೆಯದಕ್ಕೆ ಎರಡು ವರ್ಷದ ಕರಾರು.

ಇನ್ನು ಅಣ್ಣನ ಐಡಿ. ಅದೂ ನನಗೆ ಗೊತ್ತಿದ್ದದ್ದೇ. ಅಂಗಡಿಯಲ್ಲಿ ಎರಡು ಟ್ಯಾಬುಗಳಿವೆ. ಮುಂಜಾನೆ ಬಾಗಿಲು ತೆಗೆದ ಕೂಡಲೇ ಅಣ್ಣ ಎರಡಕ್ಕೂ ತನ್ನ ಹೆಬ್ಬಟ್ಟು ಕೊಟ್ಟು ತೆರೆದಿಡುತ್ತಾನೆ. ಒಂದು ಅವನು ಒಯ್ಯುತ್ತಾನೆ, ಇನ್ನೊಂದು ತಮ್ಮ ಮನೆಯವರ ಕೈಗೆ ಇರಲಿ ಎಂದು ಸಾವ್ಕಾರರೇ ಹೇಳಿದ್ದು, ಅದನ್ನು ಅವರ ಮನೆಗೆ ಒಯ್ದು ತರುವವಳು ನಾನು. ಯಾವ ಮೊಬೈಲ್ ಅಂಗಡಿಯಲ್ಲಿ ನೋಡಿದರೂ ಹೀಗೇ ನಡೆಯುತ್ತದೆ.

ಕೈಯಲ್ಲಿದ್ದ ಗಾಜನ್ನು ಮತ್ತೆ ನೋಡಿದೆ. ರಂಗಂಪೇಟೆಯಲ್ಲಿ ಧೂಳು ಸಿಕ್ಕೀತು, ಕೂದಲು ಸಿಕ್ಕೀತು. ಗಿಡದ ಎಲೆಪುಡಿ ಅಂಟಿದ ಹಸಿ ಹತ್ತಿ ಗಾಳಿಯಲ್ಲಿ ತೇಲುವ ಒಂದೇ ಜಾಗ ನಾನು ಕಂಡದ್ದು. ಹೋದ ವರ್ಷ ಸಾವ್ಕಾರರು ಶಹಾಪುರದಲ್ಲಿ ಇನ್ನೊಂದು ಅಂಗಡಿ ಇಡುತ್ತೇನೆಂದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಕಾಂಪೌಂಡಿನೊಳಗೆ ಒಂದು ಖೋಲಿ ಬಾಡಿಗೆ ಹಿಡಿದಿದ್ದರು. ಕಸ ಹೊಡೆಯಲು ನನ್ನೊಬ್ಬಳನ್ನೇ ಕರೆದೊಯ್ದಿದ್ದರು, ಅಂಗಡಿ ಇಡುವ ತನಕ ಅಣ್ಣನಿಗೂ ಹೇಳಬೇಡ ಎಂದಿದ್ದರು. ಒದ್ದೆ ಬಟ್ಟೆಯಲ್ಲಿ ಕಪಾಟು ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಬಿಳಿ ಪದರ ಕೂತಿರುತ್ತಿತ್ತು. ಅಂಗಡಿ ಇಡಲಿಲ್ಲ. ಖೋಲಿ ಮಾತ್ರ ಬಿಟ್ಟಿರಲಿಲ್ಲ.

ಗಾಜನ್ನು ಕಾಗದದಲ್ಲಿ ಸುತ್ತಿ ಪರ್ಸಿನೊಳಗೆ ಇಟ್ಟೆ.

"ಸಾವ್ಕಾರ್ರ, ತಲಿನೋವು ಬಂದಾದ್ರಿ. ಮನಿಗೆ ಹೋಗಿ ಬರ್ತೀನಿ."

"ಹೋಗು, ಹೋಗು. ನಾಕಕ್ಕ ಮದ್ಲ ಬಾ."

"ಎಲ್ಲಿಗೂ ಹೋಗಬ್ಯಾಡ ಸಾವಿ," ಅಣ್ಣ ಅಂದ. ಎರಡು ದಿನದಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ಮನ್ಯಾಗ ಮಕ್ಕೋ. ಯಾರು ಏನ್ ಕೇಳಿದ್ರೂ ಗೊತ್ತಿಲ್ಲ ಅನ್ನು."

ಅವನ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ಅವನಿಗೂ ಹೇಳಲಿಲ್ಲ.

* * *

ಶಹಾಪುರದ ಬಸ್ಸು ಹತ್ತಿ, ಆಧಾರ್ ತೋರಿಸಿ ಹೆಣ್ಣುಮಕ್ಕಳ ಸೊನ್ನೆ ಚೀಟಿ ಹರಿಸಿಕೊಂಡು ಕಿಟಕಿ ಪಕ್ಕ ಕೂತೆ. ಬುದ್ಧ ಮಲಗಿದಂತಿರುವ ಶಹಾಪುರದ ಗುಡ್ಡ ಕಾಣಿಸುವ ಹೊತ್ತಿಗೆ ಹನ್ನೆರಡೂವರೆ.

ಭೀಮರಾಯನಗುಡಿ ರಸ್ತೆಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಮೆಹಬೂಬ ಚಾಚಾ, ಅರವತ್ತು ದಾಟಿದ ಮನುಷ್ಯ, ತಗಡಿನ ಡಬ್ಬವೊಂದನ್ನು ಮುಂದಿಟ್ಟುಕೊಂಡು ಕೂತಿದ್ದ.

"ಬೀಡಿ, ಕಡ್ಡಿಪೆಟಗಿ ಇದ್ರ ಡಬ್ಬಿಗೆ ಹಾಕವ್ವ. ಹೋಗೋವಾಗ ತಗೋ."

"ನನ್ನ ಕಡಿ ಯಾಕಿರ್ತಾವ ಚಾಚಾ?"

"ಹಂಗನಬ್ಯಾಡ. ಮುಂಜಾನಿ ಕೆಂಭಾವಿ ಮುದುಕಿ ಒಬ್ಬಾಕಿ ಬಂದಿದ್ಲು. ಉಡಿಯೊಳಗಿಂದ ಎರಡು ಕಟ್ಟು ಬೀಡಿ ತಗದ್ಲು. ಒಂದು ಕಿಡಿ ಬಿದ್ರ ಮಿಲ್ಲೂ ಇಲ್ಲ, ನಾನೂ ಇಲ್ಲ." ದೊಡ್ಡ ವಹಿ ತೆರೆದ. ಬೆಂಕಿಯ ಭಯಕ್ಕೆ ಒಳಗೆ ಹೋಗುವ ಪ್ರತಿಯೊಬ್ಬರ ಹೆಸರನ್ನೂ ಅಲ್ಲಿ ಬರೆಸುತ್ತಾರೆ. "ಹೆಸರು ಹೇಳು ಬೇಟಿ."

"ಸಾವಿತ್ರಿ. ರಂಗಂಪೇಟಿ."

ಅವನ ಪೆನ್ನು ಕಾಗದಕ್ಕೆ ಮುಟ್ಟಲಿಲ್ಲ.

"ನೀನೂ ಸಾವಿತ್ರಿನೇನು?"

"ನಾನೂ ಅಂದ್ರ?"

"ಇಲ್ಲಿ ಕಾಯಂ ಬರಾಕಿನೂ ಸಾವಿತ್ರಿನೇ. ಅಕಿದೂ ರಂಗಂಪೇಟಿನೇ." ಅವನು ಹಾಳೆ ಹಿಂದಕ್ಕೆ ತಿರುವಿ ವಹಿಯನ್ನು ನನ್ನ ಕಡೆ ಮಾಡಿದ. "ನೋಡಿಲ್ಲಿ. ನಿಮ್ಮೂರಾಗ ಎಲ್ಲಾರಿಗೂ ಒಂದೇ ಹೆಸರು ಇಡ್ತಾರೇನು?"

ಸಾವಿತ್ರಿ, ರಂಗಂಪೇಟೆ, ಮೊಬೈಲ್ ಅಂಗಡಿ. ಒಳಗೆ ಎರಡು ಗಂಟೆ, ಹೊರಗೆ ಐದು. ಹಿಂದಿನ ಹಾಳೆಯಲ್ಲಿ ಮತ್ತೆ. ಅದರ ಹಿಂದೆ ಮತ್ತೆ. ಬೆರಳಿಟ್ಟು ಎಣಿಸಿದೆ. ಹನ್ನೊಂದು ಸಲ. ಹನ್ನೊಂದೂ ಗುರುವಾರ.

ಗುರುವಾರ ಮಧ್ಯಾಹ್ನ ನನಗೆ ಅಂಗಡಿಯಿಂದ ರಜೆ. ಮನೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುತ್ತೇನೆ. ನಾನು ಎಲ್ಲಿದ್ದೆ ಎಂದು ಹೇಳಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಹೆಸರು ಬರೆಸಿದವಳಿಗೆ ಇದು ಗೊತ್ತಿತ್ತು.

"ಹ್ಯಾಂಗದಾಳ ಚಾಚಾ ಆಕಿ?"

"ಮಾರಿ ಕಂಡೇ ಇಲ್ಲ. ಓಢಣಿ ಬಿಚ್ಚಂಗಿಲ್ಲ. ಹತ್ತಿ ಧೂಳು ಆಗಂಗಿಲ್ಲ ಅಂತಾಳ. ದೊಡ್ಡ ಮನಿ ಹುಡುಗಿ ಇರಬೇಕು, ಚಾ ಕೊಟ್ರ ಬಟ್ಟಲದ ತಳಾ ಒರಸಿ ತಗೋತಾಳ." ಅವನು ನಕ್ಕ. "ಕೆಲಸ ಮಾತ್ರ ನಾಜೂಕು. ಒಮ್ಮೆ ಚಾ ಕೊಡಾಕ ಹೋದಾಗ ನೋಡಿದೆ. ಫೋನಿಗೆ ಎಡಕ್ಕ ಎರಡು ಟೇಪು ಹಚ್ಚಿ, ಬಾಗಲಾ ಹಾಕಿದಂಗ ಗಾಜು ಇಳಸ್ತಾಳ. ಇಷ್ಟು ವಯಸ್ಸಿಗೆ ಅಂಥಾದ್ದು ನೋಡಿಲ್ಲ ನಾ."



ಆ ಕೆಲಸವನ್ನು ನಾನು ಜೀವನದಲ್ಲಿ ಒಬ್ಬರಿಗೇ ಕಲಿಸಿದ್ದೇನೆ. ಎರಡು ವರ್ಷದ ಹಿಂದೆ, ಕಾಲೇಜಿನ ರಜೆಯಲ್ಲಿ, ಸಾವ್ಕಾರರ ಮಗಳು ಶಿವರಂಜನಿ ಅಕ್ಕನಿಗೆ. ಹದಿನೈದು ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಲಿತರು. ಅಂಟು ಒರೆಸುವುದನ್ನು ಮಾತ್ರ ಯಾವಾಗಲೂ ಮರೆಯುತ್ತಿದ್ದರು, ಅದನ್ನು ನಾನೇ ಒರೆಸುತ್ತಿದ್ದೆ. ಮೊನ್ನೆ ಶ್ರಾವಣದಲ್ಲಿ ಅವರ ನಿಶ್ಚಯವಾಯಿತು. ಹುಡುಗ ಕಂಪನಿಯ ಯಾದಗಿರಿ ಆಫೀಸಿನ ಬಸವಕುಮಾರ. ನಾಲ್ಕು ಗಂಟೆಗೆ ಅಂಗಡಿಗೆ ಬರಲಿದ್ದ ಅದೇ ಸಾಹೇಬ.

"ಖೋಲಿ ನೋಡಬಹುದಾ?"

"ಕೀಲಿ ಆಕಿ ಕಡಿನೇ ಅದ. ಕಿಡಕ್ಯಾಗಿಂದ ನೋಡು."

ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿ ಕಣ್ಣಿಟ್ಟೆ. ಮೇಜು, ಒಂದು ಕುರ್ಚಿ, ಗೋಡೆಗೆ ಒತ್ತಿ ಖಾಲಿ ಫೋನ್ ಡಬ್ಬಿಗಳು. ಮೇಜಿನ ಎಡ ಅಂಚಿಗೆ, ಹರಿದು ಸಾಲಾಗಿ ಅಂಟಿಸಿದ ಟೇಪಿನ ತುಂಡುಗಳು, ಕೈಗೆ ಸಿಗುವ ಹಾಗೆ. ನನ್ನ ಮೇಜಿನ ಮೇಲೆ ನಾನು ಅಂಟಿಸಿಕೊಳ್ಳುವುದೂ ಹಾಗೇ. ಎಲ್ಲದರ ಮೇಲೂ ತೆಳ್ಳಗೆ ಹತ್ತಿ.

ವಾಪಸು ಬಂದು ವಹಿಯ ಫೋಟೋ ತೆಗೆಯಲೇ ಎಂದು ಕೇಳಿದೆ.

"ಬ್ಯಾಡವ್ವ. ಮಾಲಕಗ ಗೊತ್ತಾದ್ರ ನನ್ನ ನೌಕರಿ ಹೋಗ್ತದ." ಚಾಚಾ ನನ್ನ ಮುಖ ನೋಡಿದ. "ಏನಾಗ್ಯಾದ?"

"ನಮ್ಮಣ್ಣನ್ನ ಸಂಜಿಕಿ ಠಾಣೆಗೆ ಒಯ್ತಾರ."

ಅವನು ಎದ್ದ. ವಹಿ ಮುಚ್ಚಲಿಲ್ಲ. "ನಾ ಚಾ ಹೇಳಿ ಬರ್ತೀನಿ. ಐದು ಮಿನಿಟ್ ಆಗ್ತದ ನೋಡು," ಅಂದು ರಸ್ತೆ ದಾಟಿ ಹೋದ.

ಆರು ಫೋಟೋ ತೆಗೆದೆ. ಬಸ್‌ಸ್ಟ್ಯಾಂಡಿಗೆ ಬಂದು ಅವುಗಳನ್ನು ಒಂದೊಂದಾಗಿ ನೋಡಿದಾಗ ಗೊತ್ತಾಯಿತು. ಇವು ಅಣ್ಣನನ್ನು ಬಿಡಿಸಬಹುದು. ಆದರೆ ಹನ್ನೊಂದು ಕಡೆಯೂ ಇರುವುದು ನನ್ನ ಹೆಸರು.

* * *

ಸುರಪುರದ ಬಸ್ಸು ಹಾದಿಯಲ್ಲಿ ಪಂಕ್ಚರ್ ಆಯಿತು. ಅಂಗಡಿ ಮುಟ್ಟಿದಾಗ ಮೂರೂಮುಕ್ಕಾಲು. ಬಾಗಿಲಲ್ಲಿ ಬಿಳಿ ಕಾರು ಆಗಲೇ ನಿಂತಿತ್ತು.

ಬಸವಕುಮಾರ ಸಾಹೇಬರು ನನ್ನ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಅಂಗಿ, ಕೊರಳಲ್ಲಿ ಕಂಪನಿಯ ಪಟ್ಟಿ. ಸಾವ್ಕಾರರು ಗಲ್ಲಾದಲ್ಲಿ, ಅಣ್ಣ ಅದೇ ಸ್ಟೂಲಿನ ಮೇಲೆ. ಮರಿಲಿಂಗಮ್ಮ ಈಗ ಒಳಗೆ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

"ಬಾ ಸಾವಿತ್ರಿ. ತಲಿನೋವು ಕಡಿಮಿ ಆತಾ?" ಸಾಹೇಬರು ನಗುತ್ತ ಕೇಳಿದರು.

"ಹೂಂನ್ರಿ."

"ಭಾಳ ಶಾಣ್ಯಾ ಇದಾನ ನಿಮ್ಮಣ್ಣ. ಮೂರಕ್ಕೇ ಬಂದೆ, ಅರ್ಧ ತಾಸಿನ್ಯಾಗ ಎಲ್ಲಾ ಒಪ್ಕೊಂಡ. ಸಹಿನೂ ಮಾಡ್ಯಾನ."

ನಾನು ಅಣ್ಣನ ಕಡೆ ನೋಡಿದೆ. ಅವನು ಪ್ಯಾಂಟಿಗೆ ಅಂಗೈ ಉಜ್ಜುತ್ತಿದ್ದ.

"ಏನ್ ಒಪ್ಕೊಂಡಿ?"

"ನಾನೇ ಮಾಡೀನಿ ಅಂತ."

"ನೀ ಮಾಡಿಲ್ಲ."

"ಸುಮ್ಮನಿರು ಸಾವಿ."

"ನೀ ಮಾಡಿಲ್ಲಂದ ಮ್ಯಾಲ ಯಾಕ ಸಹಿ ಮಾಡಿದಿ?"

ನನ್ನ ದನಿ ಜೋರಾಗಿತ್ತು. ಸಾವ್ಕಾರರು ಕನ್ನಡಕ ತೆಗೆದರು. ಮೂರು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಹೂಂ, ಇಲ್ರಿ, ಆತ್ರಿ ಬಿಟ್ಟು ಬೇರೆ ಆಡಿದ್ದು ಕಡಿಮೆ.

ಅಣ್ಣ ಎದ್ದು ನನ್ನ ಹತ್ತಿರ ಬಂದ. ಯಾರಿಗೂ ಕೇಳಬಾರದೆಂದು ಮೆಲ್ಲಗೆ ಅಂದ, ಆದರೆ ಅಂಗಡಿ ಸಣ್ಣದು.

"ಖಂಡಪ್ಪ ಫೋನ್ ತಂದಾಗ ನಾ ಮದ್ಲ ನೋಡೀನಿ. ಎಡಗಡಿ ಅಂಟು. ಆ ಕೈ ನನಗ ಗೊತ್ತಿಲ್ಲೇನು? ಎರಡನೇ ಟ್ಯಾಬು ಸಾವ್ಕಾರ್ರ ಮನಿಗೆ ಹೋಗೋದು, ಬರೋದು, ನೀನೇ ತರ್ತಿ, ನೀನೇ ಒಯ್ತಿ. ಯಾರ ಮಾತು ಕೇಳಿ ಮಾಡಿದ್ಯೋ ಏನೋ. ಹೋಗ್ಲಿ. ಒಳಗ ನಾ ಹೋಗ್ತೀನಿ."

ಎರಡು ದಿನದ ಮೌನ ನನ್ನ ಸಲುವಾಗಿ. ಸಿಟ್ಟು ಬಂತು, ಅಳುವೂ ಬಂತು. ಅಳುವುದಕ್ಕೆ ಹೊತ್ತಿರಲಿಲ್ಲ.

"ಆ ಕೈ ನಂದಲ್ಲ ಅಣ್ಣ. ನಾ ಅಂಟು ಒರಸದೇ ಯಾವತ್ತರ ಬಿಟ್ಟೀನೇನು? ನೀನೇ ಹೇಳು."

ಅವನು ಮೇಜಿನ ಮೇಲಿದ್ದ ಫೋನಿನ ಎಡ ಅಂಚನ್ನು ಬಗ್ಗಿ ನೋಡಿದ.

"ಈ ಕೆಲಸ ನಾ ಒಬ್ಬರಿಗೇ ಕಲಿಸೀನಿ." ಸಾವ್ಕಾರರ ಕಡೆ ತಿರುಗಿದೆ. ಮುಖ ನೋಡಲಾಗಲಿಲ್ಲ, ಅವರ ಮುಂದಿನ ವಿಭೂತಿ ಬಟ್ಟಲನ್ನು ನೋಡುತ್ತ ಕೇಳಿದೆ. "ಸಾವ್ಕಾರ್ರ, ಗುರುವಾರ ಮಧ್ಯಾಹ್ನ ರಂಜನಿ ಅಕ್ಕಾರು ಎಲ್ಲಿಗೆ ಹೋಗ್ತಾರ್ರಿ?"

"ಶಹಾಪುರಕ್ಕ. ಮದುವಿ ಬ್ಲೌಸ್ ಹೊಲಸಾಕ ಹಾಕ್ಯಾಳ, ಅಲ್ಲಿ ಟೇಲರ್..." ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಯಾಕ?"

"ಹನ್ನೊಂದು ವಾರ ಬ್ಲೌಸ್ ಹೊಲಿತಾರೇನ್ರಿ?" ಮರಿಲಿಂಗಮ್ಮ ಬಾಗಿಲಿಂದ ಕೇಳಿದಳು. ಹನ್ನೊಂದು ಎಂಬುದು ನನ್ನ ಬಾಯಿಂದ ಬಂದಿರಲಿಲ್ಲ. ಅವಳತ್ತ ನೋಡಿದೆ. "ನನ್ನ ನೋಡಬ್ಯಾಡವ್ವ, ಸಾವ್ಕಾರ್ತಿ ಅವರು ಮೊನ್ನಿ ಇಲ್ಲೇ ಕೂತು ಗೊಣಗಾಕತ್ತಿದ್ರು. ಹನ್ನೊಂದು ವಾರ ಆತು, ಇನ್ನಾ ಒಂದು ಕುಬಸಾ ಕೈಗೆ ಬಂದಿಲ್ಲ ಅಂತ."

"ಏ ಮುದುಕಿ, ಹೊರಗ ನಡಿ!" ಸಾವ್ಕಾರರು ಒದರಿದರು.

ಬಸವಕುಮಾರ ಸಾಹೇಬರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ನಗುವೂ ಹಾಗೇ ಇತ್ತು.

"ಮಾವಾರ, ಬೆಂಕಿ ಹತ್ತಿದ ಮನಿ ಮಂದಿ ಒದರೋದು ಇದ್ದದ್ದೇ. ಅಣ್ಣನ್ನ ಉಳಸಾಕ ಸಿಕ್ಕವರ ಹೆಸರು ಹೇಳಾಕತ್ತಾಳ. ಸಾವಿತ್ರಿ, ಈ ಕಾಗದದಾಗ ಏನದ ಗೊತ್ತದೇನು? ನೀ ಏಳನೇತ್ತಕ್ಕ ಸಾಲಿ ಬಿಟ್ಟಾಕಿ ಅಲ್ಲಾ? ಓದಾಕ ಬರ್ತದ?"

ಚರ್ಮದ ಚೀಲದಿಂದ ಮೂರು ಹಾಳೆ ತೆಗೆದು ನನ್ನ ಮುಂದೆ ಹಿಡಿದರು.

ತೆಗೆದುಕೊಂಡೆ. ಓದಲು ಬರುತ್ತದೆ. ಸಾವ್ಕಾರರಿಗೆ ಬರುವ ಕಂಪನಿಯ ಕಾಗದಗಳನ್ನು, ಗಲ್ಲಾ ಒರೆಸುವ ನೆಪದಲ್ಲಿ, ಮೂರು ವರ್ಷದಿಂದ ಓದುತ್ತಿದ್ದೇನೆ.

ಟೈಪು ಮಾಡಿಸಿದ ಕಾಗದ. ಮೊದಲ ಹಾಳೆಯಲ್ಲಿ ದೇವಿಂದ್ರನಾದ ನಾನು ಎಂದು ಶುರುವಾಗಿ ಇಪ್ಪತ್ಮೂರು ಹೆಸರುಗಳು. ಮೂರನೆಯದರ ಕೊನೆಗೆ ಅಣ್ಣನ ಸಹಿ. ಎರಡನೆಯದನ್ನು ನಿಧಾನ ಓದಿದೆ.

'ಸದರಿ ಫೋನುಗಳನ್ನು ನನ್ನ ತಂಗಿ ಸಾವಿತ್ರಿಯು ಪ್ರತಿ ಗುರುವಾರ ಶಹಾಪುರದ ಜಿನ್ನಿಂಗ್ ಮಿಲ್ ಆವರಣದ ಕೋಣೆಯಲ್ಲಿ ಗಾಜು ಹಾಕಿ ಮಾರಾಟಕ್ಕೆ ಸಿದ್ಧಗೊಳಿಸುತ್ತಿದ್ದಳು.'

ಎರಡು ಸಲ ಓದಿದೆ.

"ಅಣ್ಣ, ಇದನ್ನ ಓದಿ ಸಹಿ ಮಾಡಿದ್ಯೇನು?"

"ಕಡೀ ಹಾಳಿ ಕೊಟ್ರು. ನಿನ್ನ ಹೆಸರು ಎಲ್ಲೂ ಬರಂಗಿಲ್ಲ ಅಂದ್ರು, ಮಾಡಿದೆ."

"ಬಂದಾದ. ಶಹಾಪುರದ ಮಿಲ್ಲಿನ ಖೋಲ್ಯಾಗ ನಾ ಗಾಜು ಹಾಕ್ತಿದ್ದೆ ಅಂತ ನೀನೇ ಹೇಳಿದಂಗ ಅದ."

"ಯಾವ ಖೋಲಿ?" ಅಣ್ಣ ಕೇಳಿದ. "ಶಹಾಪುರದಾಗ ಮಿಲ್ಲು ಎಲ್ಲದ?"

ಸಾವ್ಕಾರರ ಕೈಯಲ್ಲಿದ್ದ ಕನ್ನ‌ಡಕ ಗಲ್ಲಾದ ಮೇಲೆ ಬಿತ್ತು. ಅವರು ಅದನ್ನು ಎತ್ತಲಿಲ್ಲ.

"ಸರ್," ನಾನು ಕೇಳಿದೆ, "ಈ ಕಾಗದ ಎಲ್ಲಿ ಟೈಪ್ ಮಾಡ್ಸಿದ್ರಿ?"

"ಯಾದಗಿರ್ಯಾಗ. ನಮ್ಮ ಆಫೀಸಿನ್ಯಾಗ. ಯಾಕ?"

"ಯಾವಾಗ್ರಿ?"

"ನಿನ್ನಿ ಸಂಜಿಕಿ. ಇವತ್ತ ಟೈಮ್ ಎಲ್ಲಿತ್ತು..."

ನಗು ಇನ್ನೂ ಮುಖದ ಮೇಲೆ ಉಳಿದಿತ್ತು, ಕಣ್ಣು ಮಾತ್ರ ಬಾಗಿಲ ಕಡೆ ಹೋಯಿತು.

"ನಿನ್ನಿ ನಮ್ಮಣ್ಣ ಬಾಯೇ ಬಿಟ್ಟಿರಲಿಲ್ಲ," ನಾನಂದೆ. "ಆ ಖೋಲ್ಯಾಗ ಗಾಜು ಹಾಕ್ತಾರಂತ ನನಗ ಗೊತ್ತಾಗಿದ್ದು ಇವತ್ತ ಮಧ್ಯಾಹ್ನ ಹನ್ನೆರಡೂವರಿಗೆ, ಮಿಲ್ಲಿನ ಗೇಟಿನ್ಯಾಗ. ಅಲ್ಲಿಗೆ ಹೋಗ್ತೀನಂತ ಯಾರಿಗೂ ಹೇಳಿಲ್ಲ. ಗುರುವಾರ ನನ್ನ ಹೆಸರು ಬರೆಸಿ ಅಲ್ಲಿ ಕೂಡಾಕಿ ಬಿಟ್ರ, ನಿನ್ನಿ ಸಂಜಿಕಿ ನಿಮಗ ಯಾರು ಹೇಳ್ತಾರ, ಸರ್?"

ಅವರು ಎದ್ದರು. ಅವಸರ ಮಾಡಲಿಲ್ಲ. ಎರಡು ಬೆರಳಿನಿಂದ ನನ್ನ ಕೈಯಲ್ಲಿದ್ದ ಹಾಳೆಗಳನ್ನು ಎಳೆದುಕೊಂಡು, ಮಡಚಿ, ಚೀಲದೊಳಗೆ ಇಟ್ಟು ಜಿಪ್ಪು ಎಳೆದರು.

ಅಣ್ಣ ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ. ಮರಿಲಿಂಗಮ್ಮ ಹೊರಗೆ ಹೋಗಿರಲಿಲ್ಲ. ಬಾಗಿಲ ನಡುವೆ ನಿಂತಿದ್ದಳು. ಸಾವ್ಕಾರರು ಗಲ್ಲಾಕ್ಕೆ ಎರಡೂ ಕೈ ಊರಿ ತಮ್ಮ ಅಳಿಯನಾಗಬೇಕಾದವನ ಬೆನ್ನು ನೋಡುತ್ತಿದ್ದರು.

"ಸಾವ್ಕಾರ್ರ," ನಾನಂದೆ, "ಆ ಕಾಗದ ಇಲ್ಲೇ ಇಟ್ಟು ಹೋಗಾಕ ಹೇಳ್ರಿ."